ಹಳೆಯ ಕಾರಿನ ಕೊನೆಯ ಹಾದಿ: ಗುಜರಿ, ಕಾನೂನು ಮತ್ತು ಮರುಬಳಕೆ

ಸಾಮಾನ್ಯ ಕಾರೊಂದರ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕಬ್ಬಿಣ ಮತ್ತು ಉಕ್ಕು. ಉಳಿದದ್ದು ಅಲ್ಯೂಮಿನಿಯಂ, ತಾಮ್ರ, ಸೀಸ, ಗಾಜು, ರಬ್ಬರು, ಹಲವು ಬಗೆಯ ಪ್ಲಾಸ್ಟಿಕ್ಕು, ಸೀಟಿನ ಫೋಮು ಮತ್ತು ಬಟ್ಟೆ. ಇವುಗಳ ಜೊತೆಗೆ ಎಂಜಿನ್ ಆಯಿಲ್, ಗೇರ್ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟ್, ಎ.ಸಿ. ಗ್ಯಾಸು, ಬ್ಯಾಟರಿಯ ಆಮ್ಲ ಮತ್ತು ಏರ್‌ಬ್ಯಾಗನ್ನು ಉಬ್ಬಿಸುವ ಸಿಡಿಮದ್ದು ಸೇರಿರುತ್ತವೆ. ಓಡುವುದನ್ನು ನಿಲ್ಲಿಸಿದ ಕಾರು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುವಾಗ ಈ ಪದಾರ್ಥಗಳಲ್ಲಿ ಕೆಲವಕ್ಕೆ ಒಳ್ಳೆಯ ಬೆಲೆ ಸಿಗುತ್ತದೆ. ಕೆಲವಕ್ಕೆ ಬೆಲೆಯೇ ಇಲ್ಲ; ಅವನ್ನು ವಿಲೇವಾರಿ ಮಾಡಲು ಎದುರು ಹಣ ಕೊಡಬೇಕು. ಹಳೆಯ ಕಾರನ್ನು ಏನು ಮಾಡಬೇಕೆಂಬ ಜಗತ್ತಿನ ಎಲ್ಲ ಚರ್ಚೆಗಳ ಬೇರು ಇಲ್ಲಿದೆ. ಬೆಲೆಯಿರುವುದನ್ನು ಮಾರುಕಟ್ಟೆ ತಾನೇ ಎತ್ತಿಕೊಳ್ಳುತ್ತದೆ. ಬೆಲೆಯಿಲ್ಲದ್ದನ್ನು ಯಾರು ಎತ್ತಬೇಕು, ಯಾರ ಖರ್ಚಿನಲ್ಲಿ, ಯಾರ ಆರೋಗ್ಯವನ್ನು ಪಣಕ್ಕಿಟ್ಟು ಎಂಬುದು ಪ್ರಶ್ನೆ.

ಕಾರನ್ನು ಕಳಚುವ ಕ್ರಮ

ನೋಂದಾಯಿತ ಘಟಕದಲ್ಲಿ ಕೆಲಸ ಶುರುವಾಗುವುದು ಕಾಗದಪತ್ರದಿಂದ. ಭಾರತದ ನಿಯಮಗಳ ಪ್ರಕಾರ ಆರ್‌ಸಿ ಮತ್ತು ಮಾಲೀಕರ ಗುರುತಿನ ದಾಖಲೆಗಳನ್ನು ಪರಿಶೀಲಿಸಿ, ವಾಹನ ಕಳವಿನದ್ದಲ್ಲ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಮಾಹಿತಿಯೊಂದಿಗೆ ತಾಳೆ ನೋಡಬೇಕು. ಕಾರನ್ನು ಒಪ್ಪಿಸಿದ ಮಾಲೀಕರಿಗೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಹೊಸ ವಾಹನ ಕೊಳ್ಳುವಾಗ ತೆರಿಗೆ ರಿಯಾಯಿತಿ ಪಡೆಯಲು ಬೇಕಾಗುವುದು ಇದೇ ಪತ್ರ. ಛಾಸಿ ಸಂಖ್ಯೆಯಿರುವ ಲೋಹದ ತುಂಡನ್ನು ಕತ್ತರಿಸಿ ಪ್ರತ್ಯೇಕವಾಗಿ ಕಾಪಿಡುತ್ತಾರೆ. ಸತ್ತ ಕಾರಿನ ಸಂಖ್ಯೆ ಕದ್ದ ಕಾರಿನ ಮೈಮೇಲೆ ಮರುಹುಟ್ಟು ಪಡೆಯದಿರಲಿ ಎಂಬ ಎಚ್ಚರಿಕೆ ಇದು.

ಮುಂದಿನದು ಅಪಾಯಕಾರಿ ಪದಾರ್ಥಗಳನ್ನು ಇಳಿಸುವ ಹಂತ. ಮೊದಲು ಬ್ಯಾಟರಿಯನ್ನು ಬಿಚ್ಚುತ್ತಾರೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಅಥವಾ ಡೀಸೆಲನ್ನು ಹೀರಿ ತೆಗೆಯುತ್ತಾರೆ. ಆಯಿಲುಗಳನ್ನೂ ಕೂಲೆಂಟನ್ನೂ ಬೇರೆ ಬೇರೆ ಪೀಪಾಯಿಗಳಿಗೆ ಇಳಿಸುತ್ತಾರೆ. ಎ.ಸಿ. ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದ ಮೂಲಕ ಸಿಲಿಂಡರಿಗೆ ಎಳೆದುಕೊಳ್ಳಬೇಕು. ಕಾರುಗಳಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದ ಆರ್-134ಎ ಎಂಬ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಶಾಖವನ್ನು ಹಿಡಿದಿಡಬಲ್ಲದು. ಏರ್‌ಬ್ಯಾಗುಗಳನ್ನು ಬಿಚ್ಚಿ ತೆಗೆಯಬೇಕು, ಇಲ್ಲವೇ ಇದ್ದಲ್ಲೇ ಸುರಕ್ಷಿತವಾಗಿ ಸಿಡಿಸಬೇಕು. ಈ ಕೆಲಸಗಳಿಗೆಲ್ಲ ಹಿಡಿಯುವ ಸಮಯದಿಂದ ಘಟಕಕ್ಕೆ ಬರುವ ಆದಾಯ ಬಹಳ ಕಡಿಮೆ. ಹಾಗಾಗಿ ತಪಾಸಣೆ ಸಡಿಲವಾದ ಕಡೆಯಲ್ಲೆಲ್ಲ ಮೊದಲು ಬಿಟ್ಟುಹೋಗುವ ಹಂತವೂ ಇದೇ.

ಅನಂತರ ಕಳಚುವ ಕೆಲಸ. ಎಂಜಿನ್, ಗೇರ್‌ಬಾಕ್ಸ್, ಆಲ್ಟರ್ನೇಟರ್, ಸ್ಟಾರ್ಟರ್ ಮೋಟರ್, ಬಾಗಿಲು, ದೀಪ, ಟೈರು, ವೈರಿಂಗು ಒಂದೊಂದಾಗಿ ಬೇರೆಯಾಗುತ್ತವೆ. ಸೈಲೆನ್ಸರ್ ಕೊಳವೆಯ ಮೇಲ್ಭಾಗದಲ್ಲಿರುವ ಕೆಟಲಿಟಿಕ್ ಕನ್ವರ್ಟರ್ ಗಾತ್ರದಲ್ಲಿ ಸಣ್ಣದಾದರೂ ಅದರಲ್ಲಿ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೋಹಗಳ ತೆಳು ಲೇಪ ಇರುವುದರಿಂದ ಅದನ್ನು ಪ್ರತ್ಯೇಕವಾಗಿ ಮಾರುತ್ತಾರೆ.

ಉಳಿದ ಬಾಡಿಯನ್ನು ಒತ್ತುಯಂತ್ರದಲ್ಲಿ ಅಮುಕಿ ಪಿಂಡಿ ಮಾಡುತ್ತಾರೆ ಅಥವಾ ಷ್ರೆಡರಿಗೆ ಕಳಿಸುತ್ತಾರೆ. ಷ್ರೆಡರ್ ಎಂದರೆ ಭಾರವಾದ ಸುತ್ತಿಗೆಗಳನ್ನು ತೂಗುಬಿಟ್ಟ ಉರುಳೆಯೊಂದು ವೇಗವಾಗಿ ತಿರುಗುವ ಯಂತ್ರ. ದೊಡ್ಡ ಷ್ರೆಡರೊಂದು ನಿಮಿಷದೊಳಗೆ ಕಾರನ್ನು ಮುಷ್ಟಿಗಾತ್ರದ ಚೂರುಗಳನ್ನಾಗಿ ಮಾಡುತ್ತದೆ. ಚೂರುಗಳ ರಾಶಿಯಿಂದ ಅಯಸ್ಕಾಂತ ಉಕ್ಕನ್ನು ಎತ್ತಿಕೊಳ್ಳುತ್ತದೆ. ಹಗುರ ಕಸವನ್ನು ಗಾಳಿಯ ರಭಸ ಹಾರಿಸುತ್ತದೆ. ಬದಲಾಗುತ್ತಲೇ ಇರುವ ಕಾಂತಕ್ಷೇತ್ರದಲ್ಲಿ ಅಲ್ಯೂಮಿನಿಯಂ, ತಾಮ್ರದಂಥ ಲೋಹಗಳೊಳಗೆ ಸುಳಿವಿದ್ಯುತ್ತು ಹುಟ್ಟುವುದರಿಂದ ಅವು ದೂರ ಚಿಮ್ಮಿ ಬೇರೆಯಾಗುತ್ತವೆ. ಎಲ್ಲ ಲೋಹ ತೆಗೆದ ಮೇಲೂ ಕಾರಿನ ತೂಕದ ಸುಮಾರು ಶೇ. 20ರಿಂದ 25ರಷ್ಟು ಉಳಿಯುತ್ತದೆ. ಫೋಮು, ಪ್ಲಾಸ್ಟಿಕ್ಕು, ರಬ್ಬರು, ಗಾಜಿನ ಪುಡಿ, ಬಟ್ಟೆ, ಮಣ್ಣು, ಎಣ್ಣೆಯ ಜಿಡ್ಡು, ಲೋಹದ ಧೂಳು ಎಲ್ಲ ಬೆರೆತ ಈ ರಾಶಿಯನ್ನು ಷ್ರೆಡರ್ ಶೇಷ ಎನ್ನುತ್ತಾರೆ. ಬೇರ್ಪಟ್ಟ ಉಕ್ಕು ವಿದ್ಯುತ್ ಕುಲುಮೆ ಸೇರುತ್ತದೆ. ಅದಿರಿನಿಂದ ಉಕ್ಕು ಮಾಡುವುದಕ್ಕೆ ಹೋಲಿಸಿದರೆ ಗುಜರಿಯಿಂದ ಮಾಡುವಾಗ ಅರ್ಧಕ್ಕಿಂತ ಹೆಚ್ಚು ಶಕ್ತಿ ಉಳಿಯುತ್ತದೆ.

ಬೀದಿಯಲ್ಲಿ ಬಿಟ್ಟ ಕಾರುಗಳಿಂದ ಕಾನೂನಿನವರೆಗೆ

ಕಾರುಗಳನ್ನು ರಾಶಿ ಸಂಖ್ಯೆಯಲ್ಲಿ ಮೊದಲು ತಯಾರಿಸಿದ ಅಮೆರಿಕವೇ ಅವುಗಳ ಅಂತ್ಯದ ಸಮಸ್ಯೆಯನ್ನೂ ಮೊದಲು ಎದುರಿಸಿತು. 1930ರ ಸುಮಾರಿಗೆ ಹೆನ್ರಿ ಫೋರ್ಡ್ ತನ್ನ ರೂಜ್ ಕಾರ್ಖಾನೆಯಲ್ಲಿ ಹಳೆಯ ಕಾರುಗಳನ್ನು ಕೊಂಡು, ಸಾಲಿನಲ್ಲಿ ನಿಲ್ಲಿಸಿ ಕಳಚಿಸಿ, ಉಳಿದ ಲೋಹವನ್ನು ತನ್ನದೇ ಕುಲುಮೆಗೆ ಹಾಕಿಸುವ ಪ್ರಯೋಗ ನಡೆಸಿದ.

ಎರಡನೇ ಮಹಾಯುದ್ಧದ ನಂತರ ಕಾರುಗಳ ಸಂಖ್ಯೆ ಏರಿತು, ಆದರೆ ಗುಜರಿಯ ಬೇಡಿಕೆ ಇಳಿಯಿತು. ಅದಕ್ಕೆ ಕಾರಣ ಉಕ್ಕಿನ ತಂತ್ರಜ್ಞಾನದಲ್ಲಾದ ಬದಲಾವಣೆ. ಹಿಂದಿನ ತೆರೆದ ಒಲೆಯ ಕುಲುಮೆಗಳು ಹೆಚ್ಚು ಗುಜರಿಯನ್ನು ನುಂಗುತ್ತಿದ್ದವು. ಅವುಗಳ ಜಾಗಕ್ಕೆ ಬಂದ ಆಮ್ಲಜನಕದ ಕುಲುಮೆಗಳಿಗೆ ಅಷ್ಟು ಗುಜರಿ ಬೇಕಿರಲಿಲ್ಲ. ಹಳೆಯ ಕಾರಿಗೆ ಸಿಗುವ ಬೆಲೆ ಅದನ್ನು ಎಳೆದೊಯ್ಯುವ ಕೂಲಿಗೂ ಸಾಲದಾದಾಗ ಮಾಲೀಕರು ಅವನ್ನು ರಸ್ತೆಬದಿಯಲ್ಲೂ ಹೊಲಗಳಲ್ಲೂ ಬಿಟ್ಟುಹೋದರು. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಲದಲ್ಲಿ ಬಂದ ಹೆದ್ದಾರಿ ಸೌಂದರ್ಯ ಕಾಯ್ದೆ, ಹೆದ್ದಾರಿಯ ಪಕ್ಕದ ಗುಜರಿ ಅಂಗಳಗಳನ್ನು ಮರೆಮಾಡಬೇಕು ಅಥವಾ ತೆರವು ಮಾಡಬೇಕು ಎಂದು ವಿಧಿಸಿತು. ಸಮಸ್ಯೆ ಕಣ್ಣಿಗೆ ಬೀಳದಂತೆ ಮಾಡುವುದು ಅದಕ್ಕೆ ಸಾಧ್ಯವಿತ್ತು, ಬಗೆಹರಿಸುವುದಲ್ಲ.

ಪರಿಹಾರ ಬಂದದ್ದು ಎರಡು ಯಂತ್ರಗಳಿಂದ. 1950ರ ದಶಕದ ಕೊನೆಯಲ್ಲಿ ಟೆಕ್ಸಾಸಿನ ಗುಜರಿ ವ್ಯಾಪಾರಿಗಳು ಕಾರಿನ ಷ್ರೆಡರನ್ನು ರೂಪಿಸಿ ಶುದ್ಧವಾದ ಉಕ್ಕಿನ ಚೂರುಗಳನ್ನು ಅಗ್ಗವಾಗಿ ಕೊಡತೊಡಗಿದರು. ಬಹುತೇಕ ಗುಜರಿಯನ್ನೇ ನೆಚ್ಚಿದ ಸಣ್ಣ ವಿದ್ಯುತ್ ಕುಲುಮೆಗಳು ಮುಂದಿನ ದಶಕಗಳಲ್ಲಿ ಹರಡಿ ಆ ಚೂರುಗಳಿಗೆ ಗಿರಾಕಿಗಳಾದವು. ಬೆಲೆ ಮರಳಿತು, ರಸ್ತೆಬದಿಯ ಕಾರುಗಳು ಕರಗಿದವು.

ಆದರೆ ಷ್ರೆಡರಿನ ಶೇಷಕ್ಕೆ ಬೆಲೆ ಬರಲಿಲ್ಲ. ಅದರ ಪರಿಣಾಮ ಏನೆಂಬುದನ್ನು ಜಪಾನಿನ ಟೆಷಿಮಾ ಎಂಬ ಪುಟ್ಟ ದ್ವೀಪ ತೋರಿಸಿಕೊಟ್ಟಿತು. ಕಗಾವಾ ಪ್ರಾಂತ್ಯಕ್ಕೆ ಸೇರಿದ ಆ ದ್ವೀಪದಲ್ಲಿ ಖಾಸಗಿ ಸಂಸ್ಥೆಯೊಂದು ವರ್ಷಗಟ್ಟಲೆ ಷ್ರೆಡರ್ ಶೇಷವನ್ನೂ ಇತರ ಕಾರ್ಖಾನೆ ತ್ಯಾಜ್ಯವನ್ನೂ ತಂದು ಸುರಿಯಿತು, ಸುಟ್ಟಿತು. 1990ರಲ್ಲಿ ಪೊಲೀಸರು ದಾಳಿ ಮಾಡುವ ಹೊತ್ತಿಗೆ ಮಣ್ಣೂ ಅಂತರ್ಜಲವೂ ಸೀಸ ಮತ್ತು ಡಯಾಕ್ಸಿನ್‌ನಂಥ ವಿಷಗಳಿಂದ ಕೆಟ್ಟಿದ್ದವು. ದ್ವೀಪದ ನಿವಾಸಿಗಳ ದೀರ್ಘ ಹೋರಾಟದ ಬಳಿಕ 2000ರಲ್ಲಿ ಒಪ್ಪಂದವಾಯಿತು. ಲಕ್ಷಗಟ್ಟಲೆ ಟನ್ ತ್ಯಾಜ್ಯವನ್ನು ಪಕ್ಕದ ನವೋಷಿಮಾ ದ್ವೀಪಕ್ಕೆ ಸಾಗಿಸಿ ಸಂಸ್ಕರಿಸುವ ಕೆಲಸ 2017ರವರೆಗೂ ನಡೆಯಿತು, ಅದೂ ಸಾರ್ವಜನಿಕರ ಹಣದಲ್ಲಿ. ಜಪಾನ್ 2002ರಲ್ಲಿ ಅಂಗೀಕರಿಸಿ 2005ರಲ್ಲಿ ಪೂರ್ಣವಾಗಿ ಜಾರಿಗೆ ತಂದ ವಾಹನ ಮರುಬಳಕೆ ಕಾನೂನಿನ ಹಿಂದೆ ಈ ಕಹಿ ಅನುಭವವಿದೆ.

ಐರೋಪ್ಯ ಒಕ್ಕೂಟ 2000ದಲ್ಲಿ ತನ್ನ ನಿರ್ದೇಶನ ಹೊರಡಿಸಿತು. 2003ರ ಜುಲೈ ನಂತರ ಮಾರುಕಟ್ಟೆಗೆ ಬರುವ ಕಾರುಗಳಲ್ಲಿ ಸೀಸ, ಪಾದರಸ, ಕ್ಯಾಡ್ಮಿಯಂ ಮತ್ತು ಷಡ್ವೇಲೆನ್ಸಿಯ ಕ್ರೋಮಿಯಂ ಬಳಕೆಯನ್ನು ಕೆಲವು ವಿನಾಯಿತಿಗಳೊಂದಿಗೆ ನಿಷೇಧಿಸಿತು. 2015ರಿಂದ ಕಾರಿನ ತೂಕದ ಶೇ. 85ರಷ್ಟು ಮರುಬಳಕೆಯಾಗಬೇಕು, ಶಕ್ತಿಗಾಗಿ ಸುಡುವುದೂ ಸೇರಿ ಶೇ. 95ರಷ್ಟು ಸದ್ಬಳಕೆಯಾಗಬೇಕು ಎಂದು ಗುರಿಯಿಟ್ಟಿತು.

ಭಾರತದ ಗುಜರಿ ಬೀದಿಗಳು ಮತ್ತು ಹೊಸ ನಿಯಮಗಳು

ಭಾರತದಲ್ಲಿ ಕಾನೂನು ಬರುವ ಎಷ್ಟೋ ಮೊದಲೇ ಮರುಬಳಕೆಯ ದೊಡ್ಡ ಜಾಲ ಬೆಳೆದಿತ್ತು. ದೆಹಲಿಯ ಮಾಯಾಪುರಿ, ಚೆನ್ನೈನ ಪುದುಪೇಟೆ, ಮುಂಬಯಿಯ ಕುರ್ಲಾ, ಕೋಲ್ಕತ್ತದ ಮಲ್ಲಿಕ್ ಬಜಾರ್, ಬೆಂಗಳೂರಿನ ಶಿವಾಜಿನಗರದ ಗುಜರಿ ಬೀದಿಗಳಲ್ಲಿ ತಲೆಮಾರುಗಳಿಂದ ವಾಹನಗಳನ್ನು ಕಳಚುವ ಕುಟುಂಬಗಳಿವೆ. ಕಂಪನಿಯವರು ತಯಾರಿಕೆ ನಿಲ್ಲಿಸಿದ ಮಾದರಿಯ ಬಾಗಿಲೋ ಗೇರ್‌ಬಾಕ್ಸೋ ಬೇಕಾದಾಗ ಊರೂರಿನ ಮೆಕ್ಯಾನಿಕ್‌ಗಳು ಹುಡುಕಿಕೊಂಡು ಬರುವುದು ಇಲ್ಲಿಗೇ. ಇದೇ ಜಾಲದ ಕರಾಳ ಮುಖವೂ ದಾಖಲಾಗಿದೆ. ಕಳವಿನ ವಾಹನಗಳನ್ನು ಕಳಚುವುದಕ್ಕೆ ಕುಖ್ಯಾತವಾಗಿದ್ದ ಮೀರತ್ತಿನ ಸೋತಿಗಂಜ್ ಮಾರುಕಟ್ಟೆಯನ್ನು ಪೊಲೀಸರು 2021ರ ಡಿಸೆಂಬರಿನಲ್ಲಿ ಮುಚ್ಚಿಸಿದರು. 2010ರಲ್ಲಿ ಮಾಯಾಪುರಿಯ ಗುಜರಿಗೆ ಬಂದ ಪ್ರಯೋಗಾಲಯದ ಹಳೆಯ ಉಪಕರಣದೊಳಗಿದ್ದ ಕೋಬಾಲ್ಟ್-60 ವಿಕಿರಣದಿಂದ ಕೆಲಸಗಾರನೊಬ್ಬ ಸತ್ತ. ಅದು ಕಾರಿನ ಭಾಗವಾಗಿರಲಿಲ್ಲ. ಆದರೆ ಒಳಗೇನಿದೆ ಎಂಬ ತಿಳಿವಳಿಕೆಯೇ ಇಲ್ಲದೆ ಬರಿಗೈಯಲ್ಲಿ ಬಿಚ್ಚುವ ಕೆಲಸದ ಅಪಾಯವನ್ನು ಅದು ಇಡೀ ದೇಶಕ್ಕೆ ಕಾಣಿಸಿತು.

ಸಂಘಟಿತ ಘಟಕಗಳು ಬಂದದ್ದು ಇತ್ತೀಚೆಗೆ. ಮಹೀಂದ್ರ ಮತ್ತು ಸರ್ಕಾರಿ ಸ್ವಾಮ್ಯದ ಎಂಎಸ್‌ಟಿಸಿ ಜೊತೆಗೂಡಿ 2018ರಲ್ಲಿ ಗ್ರೇಟರ್ ನೋಯ್ಡಾದಲ್ಲಿ ಘಟಕ ತೆರೆದವು. 2021ರ ನವೆಂಬರಿನಲ್ಲಿ ಮಾರುತಿ ಸುಜುಕಿ ಮತ್ತು ಟೊಯೋಟ ಬಳಗದ ಜಂಟಿ ಘಟಕ ನೋಯ್ಡಾದಲ್ಲಿ ಆರಂಭವಾಯಿತು. ವರ್ಷಕ್ಕೆ 24,000 ವಾಹನಗಳನ್ನು ಕಳಚುವುದು ಅದರ ಘೋಷಿತ ಸಾಮರ್ಥ್ಯ.

ಕೇಂದ್ರ ಸರ್ಕಾರ 2021ರ ಬಜೆಟ್ಟಿನಲ್ಲಿ ಗುಜರಿ ನೀತಿಯನ್ನು ಪ್ರಕಟಿಸಿ, ಆಗಸ್ಟ್ 13ರಂದು ಅಧಿಕೃತವಾಗಿ ಚಾಲನೆ ನೀಡಿತು. ನೋಂದಾಯಿತ ಗುಜರಿ ಘಟಕಗಳ ನಿಯಮಗಳು ಅದೇ ಸೆಪ್ಟೆಂಬರಿನಲ್ಲಿ ಬಂದವು. 2022ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಕಾರನ್ನು ಗುಜರಿಗೆ ಒಪ್ಪಿಸಿದವರಿಗೆ ಹೊಸ ಖಾಸಗಿ ವಾಹನದ ತೆರಿಗೆಯಲ್ಲಿ ಶೇ. 25ರವರೆಗೆ, ಸಾರಿಗೆ ವಾಹನದ ತೆರಿಗೆಯಲ್ಲಿ ಶೇ. 15ರವರೆಗೆ ರಿಯಾಯಿತಿ ಕೊಡಲು ರಾಜ್ಯಗಳಿಗೆ ಅವಕಾಶವಾಯಿತು. ಸರ್ಕಾರಿ ವಾಹನಗಳ ವಿಷಯದಲ್ಲಿ ಮಾತ್ರ ಆಯ್ಕೆಯಿಲ್ಲ: 2023ರ ಏಪ್ರಿಲ್‌ನಿಂದ 15 ವರ್ಷ ತುಂಬಿದವು ನೋಂದಣಿ ಕಳೆದುಕೊಂಡು ಗುಜರಿ ಸೇರಬೇಕು. ಕೊನೆಯದಾಗಿ ಪರಿಸರ ಸಚಿವಾಲಯದ ಜೀವಿತಾವಧಿ ಮುಗಿದ ವಾಹನಗಳ ನಿಯಮಗಳು 2025ರ ಏಪ್ರಿಲ್ 1ರಂದು ಜಾರಿಗೆ ಬಂದು ತಯಾರಕರನ್ನೂ ಹೊಣೆಗಾರರನ್ನಾಗಿಸಿದವು.

ವಯಸ್ಸು ಮುಖ್ಯವೋ, ಸ್ಥಿತಿ ಮುಖ್ಯವೋ

ಮೊದಲ ವಿವಾದ ಕಾರಿನ ಆಯಸ್ಸಿಗೆ ಸಂಬಂಧಿಸಿದ್ದು. ಒಂದು ಪಕ್ಷ ವಯಸ್ಸನ್ನೇ ಗೆರೆಯಾಗಿ ಇಟ್ಟುಕೊಳ್ಳುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲಿ ದೆಹಲಿಯಲ್ಲಿ 15 ವರ್ಷ ಮೀರಿದ ವಾಹನಗಳ ಓಡಾಟವನ್ನೂ 2015ರಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳ ಓಡಾಟವನ್ನೂ ತಡೆಯಿತು. ಸುಪ್ರೀಂ ಕೋರ್ಟ್ 2018ರ ಅಕ್ಟೋಬರಿನಲ್ಲಿ ಅದನ್ನು ಎತ್ತಿಹಿಡಿಯಿತು. ವಯಸ್ಸನ್ನು ಅಳೆಯುವುದು ಸುಲಭ, ಲಂಚಕ್ಕೆ ಬಗ್ಗುವುದಿಲ್ಲ, ಹಳೆಯ ಎಂಜಿನ್‌ಗಳು ಹಳೆಯ ಹೊಗೆ ಮಾನದಂಡದವು ಎಂಬುದು ಈ ಪಕ್ಷದ ಬಲ. ದೇಶಾದ್ಯಂತ ಬಿಎಸ್-4 ಬಂದದ್ದು 2017ರಲ್ಲಿ, ಬಿಎಸ್-6 ಬಂದದ್ದು 2020ರಲ್ಲಿ. ಅದಕ್ಕೂ ಹಿಂದಿನ ವಾಹನಗಳು ಕಿಲೋಮೀಟರಿಗೆ ಉಗುಳುವ ವಿಷ ಹೆಚ್ಚು ಎಂಬುದರಲ್ಲಿ ಸಂದೇಹವಿಲ್ಲ.

ಎರಡನೆಯ ಪಕ್ಷದ ಪ್ರಕಾರ ಅಳೆಯಬೇಕಾದದ್ದು ವಾಹನದ ಸ್ಥಿತಿಯನ್ನು. ನಿವೃತ್ತರೊಬ್ಬರ ಮನೆಯ ಮುಂದೆ ನಿಂತು ತಿಂಗಳಿಗೆ ನಾಲ್ಕು ಸಲ ಹೊರಡುವ ಕಾರನ್ನೂ ದಿನವಿಡೀ ಬಾಡಿಗೆಗೆ ಓಡುವ ಕಾರನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಅನ್ಯಾಯ ಎಂಬುದು ಅವರ ವಾದ. ರಾಷ್ಟ್ರೀಯ ನೀತಿಯ ಒಲವು ಈ ಕಡೆಗಿದೆ. ಅದು ಖಾಸಗಿ ಕಾರಿಗೆ ವಯಸ್ಸಿನ ಕಾರಣದಿಂದಲೇ ಮರಣಶಾಸನ ಬರೆಯುವುದಿಲ್ಲ. ಎಫ್‌ಸಿ ಪರೀಕ್ಷೆಯಲ್ಲಿ ಅನರ್ಹವಾದದ್ದನ್ನು ಮಾತ್ರ ಹೊರಗಿಡುತ್ತದೆ. ಕರ್ನಾಟಕದಲ್ಲಿ 15 ವರ್ಷ ತುಂಬಿದ ಖಾಸಗಿ ಕಾರು ತಪಾಸಣೆಯಲ್ಲಿ ಪಾಸಾಗಿ, ಶುಲ್ಕವನ್ನೂ ಹಸಿರು ತೆರಿಗೆಯನ್ನೂ ಕಟ್ಟಿದರೆ ಮತ್ತೆ ಐದು ವರ್ಷ ಓಡಬಹುದು. ದೆಹಲಿಯ ನಿಯಮವನ್ನೇ ದೇಶದ ನಿಯಮವೆಂದು ತಿಳಿದು ಒಳ್ಳೆಯ ಕಾರನ್ನು ಕಡಿಮೆ ಬೆಲೆಗೆ ಮಾರಿಬಿಡುವವರು ಈ ವ್ಯತ್ಯಾಸವನ್ನು ತಿಳಿದಿರಬೇಕು.

ದೆಹಲಿಯಲ್ಲೂ ಗೆರೆ ಸರಿದಿದೆ. 2025ರ ಜುಲೈ 1ರಿಂದ ಅವಧಿ ಮೀರಿದ ವಾಹನಗಳಿಗೆ ಪೆಟ್ರೋಲ್ ಬಂಕುಗಳಲ್ಲಿ ಇಂಧನ ಕೊಡಬಾರದೆಂಬ ಆದೇಶ ಜನರ ವಿರೋಧದಿಂದ ಕೆಲವೇ ದಿನಗಳಲ್ಲಿ ನಿಂತಿತು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರಿನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ನಂತರದ ವಾಹನಗಳಿಗೆ ಸೀಮಿತಗೊಳಿಸಿತು. ವಯಸ್ಸು ಮತ್ತು ಸ್ಥಿತಿಯ ನಡುವೆ ಹೊಗೆಯ ಮಾನದಂಡ ಎಂಬ ಮೂರನೆಯ ಅಳತೆಗೋಲು ಹೀಗೆ ಕಾಣಿಸಿಕೊಂಡಿತು. ಸ್ಥಿತಿಯನ್ನು ಅಳೆಯಬೇಕೆನ್ನುವವರು ಉತ್ತರಿಸಬೇಕಾದ ಪ್ರಶ್ನೆಯೂ ಒಂದಿದೆ: ತಪಾಸಣೆ ನಂಬಿಕೆಗೆ ಅರ್ಹವೇ? ಮನುಷ್ಯರ ಕೈಯಿಂದ ಯಂತ್ರಗಳಿಗೆ ತಪಾಸಣೆಯನ್ನು ವರ್ಗಾಯಿಸುವ ಸ್ವಯಂಚಾಲಿತ ಕೇಂದ್ರಗಳು ಎಲ್ಲ ಜಿಲ್ಲೆಗಳನ್ನೂ ತಲುಪುವವರೆಗೆ ಈ ಪಕ್ಷದ ವಾದ ಅರ್ಧ ಮಾತ್ರ ನಿಲ್ಲುತ್ತದೆ.

ಹೊಸದಕ್ಕೆ ಬದಲಿಸಿದರೆ ಪರಿಸರಕ್ಕೆ ಲಾಭವೇ

ಎರಡನೆಯ ವಿವಾದ ಲೆಕ್ಕಾಚಾರದ್ದು. ಹಳೆಯ ಕಾರನ್ನು ಬೇಗ ಗುಜರಿಗೆ ಹಾಕಿ ಹೊಸದನ್ನು ಕೊಂಡರೆ ರಸ್ತೆಯ ಹೊಗೆ ತಗ್ಗುತ್ತದೆ. ಆದರೆ ಹೊಸ ಕಾರಿನ ತಯಾರಿಕೆಗೂ ಉಕ್ಕು, ವಿದ್ಯುತ್ತು, ನೀರು ಬೇಕು. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಬಹಳ ಉಪಯುಕ್ತ. ಅಮೆರಿಕದ ಕಾರುಗಳನ್ನು ಆಧರಿಸಿದ ಆ ಲೆಕ್ಕದಲ್ಲಿ ಕಾರ್ಬನ್ ಮೊನಾಕ್ಸೈಡ್, ಸಾರಜನಕದ ಆಕ್ಸೈಡುಗಳಂಥ ಊರಿನ ಗಾಳಿ ಕೆಡಿಸುವ ವಿಷಗಳನ್ನು ಕನಿಷ್ಠಗೊಳಿಸಲು ಕೆಲವೇ ವರ್ಷಗಳಿಗೊಮ್ಮೆ ಕಾರು ಬದಲಿಸುವುದು ಸೂಕ್ತ. ಶಕ್ತಿ ಮತ್ತು ಇಂಗಾಲದ ಡೈಆಕ್ಸೈಡನ್ನು ಕನಿಷ್ಠಗೊಳಿಸಲು ಸುಮಾರು 18 ವರ್ಷ ಇಟ್ಟುಕೊಳ್ಳುವುದು ಸೂಕ್ತ. ಕಾರಿನ ಯೋಗ್ಯ ಆಯಸ್ಸು ಯಾವ ಹಾನಿಯನ್ನು ತಪ್ಪಿಸಲು ಹೊರಟಿದ್ದೇವೆ ಎಂಬುದರ ಮೇಲೆ ನಿಂತಿದೆ. ಉಸಿರಿಗೆ ಕಷ್ಟಪಡುವ ದೆಹಲಿಗೆ ಸರಿಯಾದ ಉತ್ತರ ಮಲೆನಾಡಿನ ಹಳ್ಳಿಗೂ ಸರಿಯಾಗಬೇಕಿಲ್ಲ.

ಆರ್ಥಿಕ ಹಿಂಜರಿತದ 2009ರಲ್ಲಿ ಅಮೆರಿಕ ಮತ್ತು ಜರ್ಮನಿ ಗುಜರಿ ಪ್ರೋತ್ಸಾಹಧನವನ್ನು ಉದ್ಯಮದ ಚೇತರಿಕೆಗೆ ಬಳಸಿದವು. ಅಮೆರಿಕ 300 ಕೋಟಿ ಡಾಲರ್ ಖರ್ಚಿನಲ್ಲಿ ಆರೂಮುಕ್ಕಾಲು ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಕೊಂಡು, ಎಂಜಿನ್‌ಗೆ ಸೋಡಿಯಂ ಸಿಲಿಕೇಟ್ ದ್ರಾವಣ ತುಂಬಿ ಮತ್ತೆ ಓಡದಂತೆ ಮಾಡಿತು. ಜರ್ಮನಿ ತಲಾ 2,500 ಯೂರೋ ಕೊಟ್ಟು 500 ಕೋಟಿ ಯೂರೋ ವ್ಯಯಿಸಿತು. ಹೇಗೂ ಕೆಲವು ತಿಂಗಳಲ್ಲಿ ಕಾರು ಕೊಳ್ಳಲಿದ್ದವರೇ ಖರೀದಿಯನ್ನು ಮುಂಚಿತಗೊಳಿಸಿದರು, ನಂತರ ಮಾರಾಟ ಕುಸಿಯಿತು ಎಂದು ಅಮೆರಿಕದ ಯೋಜನೆಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು ತೋರಿಸಿದರು. ಯೋಜನೆಯ ಸಮರ್ಥಕರು ಇಂಧನ ಮಿತವ್ಯಯದ ಲಾಭವನ್ನು ಮುಂದಿಡುತ್ತಾರೆ. ಟೀಕಾಕಾರರು ಓಡುವ ಎಂಜಿನ್‌ಗಳ ನಾಶವನ್ನೂ ಬಡವರ ಕೈಗೆಟುಕುವ ಸೆಕೆಂಡ್ ಹ್ಯಾಂಡ್ ಕಾರುಗಳು ತುಟ್ಟಿಯಾದುದನ್ನೂ ನೆನಪಿಸುತ್ತಾರೆ.

ಯಾರ ಕೈಯಲ್ಲಿ ಕಳಚಬೇಕು

ಮೂರನೆಯ ವಿವಾದವೇ ಭಾರತದ ಮಟ್ಟಿಗೆ ಅತ್ಯಂತ ಮುಖ್ಯವಾದದ್ದು. ನೋಂದಾಯಿತ ಘಟಕಗಳ ಸಂಖ್ಯೆ ನೂರನ್ನು ದಾಟಿದ ಮೇಲೂ ಗುಜರಿ ವ್ಯಾಪಾರದ ದೊಡ್ಡ ಪಾಲು ಅಸಂಘಟಿತ ಅಂಗಳಗಳಲ್ಲೇ ನಡೆಯುತ್ತಿದೆ. ಇದಕ್ಕೆ ಕಾರಣ ಸರಳ. ನೋಂದಾಯಿತ ಘಟಕಕ್ಕೆ ಜಾಗ, ಯಂತ್ರ, ಅನುಮತಿ, ವಿಷ ಇಳಿಸುವ ಖರ್ಚು ಎಲ್ಲ ಇದೆ. ಅದು ಬಹುಮಟ್ಟಿಗೆ ಲೋಹದ ತೂಕದ ಮೇಲೆ ಬೆಲೆ ಕಟ್ಟುತ್ತದೆ. ಗುಜರಿ ಅಂಗಡಿಯವರಿಗೆ ಆ ಖರ್ಚಿಲ್ಲ. ಯಾವ ಬಿಡಿಭಾಗಕ್ಕೆ ಯಾವ ಊರಿನಲ್ಲಿ ಗಿರಾಕಿಯಿದ್ದಾನೆ ಎಂಬುದು ಅವರಿಗೆ ಗೊತ್ತು. ಹೀಗಾಗಿ ಮಾಲೀಕರಿಗೆ ಹೆಚ್ಚು ಹಣ ಕೊಡಬಲ್ಲರು.

ಸಂಘಟಿತ ಘಟಕಗಳ ಪರ ಇರುವವರು ಪರಿಸರ, ಕಾರ್ಮಿಕರ ಸುರಕ್ಷತೆ ಮತ್ತು ದಾಖಲೆಯ ಶುದ್ಧತೆಯನ್ನು ಎತ್ತಿ ತೋರಿಸುತ್ತಾರೆ. ಅಂಗಳದ ಮಣ್ಣಿಗೆ ಇಳಿಯುವ ಕಪ್ಪು ಆಯಿಲು, ಗಾಳಿಗೆ ಬಿಟ್ಟ ಎ.ಸಿ. ಗ್ಯಾಸು, ತಾಮ್ರಕ್ಕಾಗಿ ವೈರು ಸುಡುವ ಹೊಗೆ, ಇಂಧನದ ಟ್ಯಾಂಕಿನ ಪಕ್ಕದಲ್ಲೇ ಉರಿಯುವ ಗ್ಯಾಸ್ ಕಟರ್, ಕಣ್ಣಿಗೆ ಕನ್ನಡಕವಿಲ್ಲದ ಕೆಲಸಗಾರ ಇವು ಕಲ್ಪನೆಯಲ್ಲ. ಗುಜರಿಗೆ ಹೋದ ವಾಹನದ ಆರ್‌ಸಿ ರದ್ದಾಗದೆ ಉಳಿದರೆ ಅದು ಅಪರಾಧಕ್ಕೆ ಬಳಕೆಯಾಗಬಹುದು; ದಂಡವೂ ಪೊಲೀಸ್ ಕರೆಯೂ ಬರುವುದು ಹಳೆಯ ಮಾಲೀಕರ ವಿಳಾಸಕ್ಕೆ.

ಗುಜರಿ ಬೀದಿಗಳ ಪರ ಇರುವವರ ವಾದವೂ ಗಟ್ಟಿಯಾದದ್ದೇ. ಬಿಡಿಭಾಗವನ್ನು ಬಿಡಿಭಾಗವಾಗಿಯೇ ಮತ್ತೆ ಬಳಸುವುದು ಅದನ್ನು ಕರಗಿಸುವುದಕ್ಕಿಂತ ಮೇಲು. ಕರಗಿಸಿದ ಎಂಜಿನ್ ಲೋಹವಾಗಿ ಮಾತ್ರ ಉಳಿಯುತ್ತದೆ; ಬಿಚ್ಚಿ ಸರಿಪಡಿಸಿದ ಎಂಜಿನ್ ಅದನ್ನು ತಯಾರಿಸಲು ಹಿಂದೆ ಸುರಿದ ಶಕ್ತಿಯನ್ನೂ ಶ್ರಮವನ್ನೂ ಉಳಿಸುತ್ತದೆ. ಷ್ರೆಡರ್ ನಿಮಿಷದಲ್ಲಿ ಬೆರೆಸಿಬಿಡುವ ಲೋಹಗಳನ್ನು ನುರಿತ ಕೈ ಶುದ್ಧವಾಗಿ ಬೇರ್ಪಡಿಸಬಲ್ಲದು. ಈ ಕೆಲಸವನ್ನು ನಂಬಿದ ಕುಟುಂಬಗಳನ್ನು ಅಪರಾಧಿಗಳ ಸಾಲಿಗೆ ಸೇರಿಸಿ ಓಡಿಸಿದರೆ ಅಂಗಳ ಊರ ಹೊರಗಿನ ಇನ್ನೊಂದು ಕತ್ತಲ ಮೂಲೆಗೆ ಸರಿಯುತ್ತದೆಯೇ ಹೊರತು ಮುಚ್ಚುವುದಿಲ್ಲ.

ಮೂರನೆಯ ನಿಲುವು ಇವೆರಡನ್ನೂ ಹೊಂದಿಸಲು ಯತ್ನಿಸುತ್ತದೆ. ವಾಹನದ ಸ್ವೀಕಾರ, ವಿಷ ಇಳಿಸುವುದು ಮತ್ತು ದಾಖಲೆ ರದ್ದುಪಡಿಸುವುದು ನೋಂದಾಯಿತ ಘಟಕದಲ್ಲಿ ನಡೆಯಲಿ. ವಿಷವಿಳಿದ ಕಾರನ್ನು ಕಳಚುವ, ಬಿಡಿಭಾಗ ಮಾರುವ ಕೆಲಸ ತರಬೇತಿ ಪಡೆದ ಹಳೆಯ ಗುಜರಿಯವರ ಸಹಕಾರ ಸಂಘಗಳಿಗೆ ಸಿಗಲಿ ಎಂಬುದು ಅದರ ಸಾರ. ಕೌಶಲವನ್ನೂ ಸುರಕ್ಷತೆಯನ್ನೂ ಒಟ್ಟಿಗೆ ಉಳಿಸುವ ದಾರಿ ಇದೊಂದೇ ಎಂದು ಕಾಣುತ್ತದೆ. ಆದರೆ ಘಟಕದ ನೋಂದಣಿಗೆ ಬೇಕಾದ ಬಂಡವಾಳ ಮತ್ತು ಜಾಗ ಸಣ್ಣ ವ್ಯಾಪಾರಿಗಳ ಕೈಗೆಟುಕುವಂಥದ್ದಲ್ಲ.

ಖರ್ಚು ಯಾರದು

ವೆಚ್ಚದ ಹಂಚಿಕೆಗೆ ಮೂರು ಮಾದರಿಗಳು ಬಳಕೆಯಲ್ಲಿವೆ. ಐರೋಪ್ಯ ಮಾದರಿಯಲ್ಲಿ ಕೊನೆಯ ಮಾಲೀಕರು ಖರ್ಚಿಲ್ಲದೆ ಕಾರನ್ನು ಒಪ್ಪಿಸಬಹುದು, ಹೊರೆ ತಯಾರಕರದು. ಕೊನೆಯಲ್ಲಿ ತಾನೇ ಖರ್ಚು ಮಾಡಬೇಕಾದ ತಯಾರಕ ಸುಲಭವಾಗಿ ಕಳಚಬಲ್ಲ ಕಾರನ್ನು ವಿನ್ಯಾಸಗೊಳಿಸುತ್ತಾನೆ ಎಂಬ ನಿರೀಕ್ಷೆ ಅದರ ಹಿಂದಿದೆ. ಆದರೆ ಒಕ್ಕೂಟದಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಕಾರುಗಳು ಅಧಿಕೃತ ಘಟಕವನ್ನೂ ತಲುಪದೆ, ರಫ್ತಿನ ಲೆಕ್ಕಕ್ಕೂ ಸಿಗದೆ ಕಾಣೆಯಾಗುತ್ತವೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2020ರಲ್ಲಿ ಪ್ರಕಟಿಸಿದ ವರದಿಯಂತೆ 2015ರಿಂದ 2018ರ ನಡುವೆ ಯುರೋಪ್, ಜಪಾನ್ ಮತ್ತು ಅಮೆರಿಕದಿಂದ ರಫ್ತಾದ ಬಳಸಿದ ಲಘು ವಾಹನಗಳು 1.4 ಕೋಟಿ. ಅವುಗಳಲ್ಲಿ ಸುಮಾರು ಶೇ. 80ರಷ್ಟು ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಹೋದವು. ಕಾರಿನ ಜೊತೆಗೆ ಅದರ ಅಂತ್ಯದ ಹೊಣೆಯೂ ಹಡಗೇರುತ್ತದೆ, ಹಣ ಮಾತ್ರ ಜೊತೆಗೆ ಹೋಗುವುದಿಲ್ಲ.

ಜಪಾನಿನ ಮಾದರಿಯಲ್ಲಿ ಹೊಸ ಕಾರು ಕೊಳ್ಳುವಾಗಲೇ ಮರುಬಳಕೆ ಶುಲ್ಕ ಕಟ್ಟಬೇಕು. ಆ ಹಣ ಖರ್ಚಾಗುವುದು ಮೂರಕ್ಕೆ: ಎ.ಸಿ. ಗ್ಯಾಸು, ಏರ್‌ಬ್ಯಾಗು ಮತ್ತು ಷ್ರೆಡರ್ ಶೇಷ. ಉಕ್ಕಿಗೆ ಶುಲ್ಕವಿಲ್ಲ, ಏಕೆಂದರೆ ಅದನ್ನು ಮಾರುಕಟ್ಟೆ ನೋಡಿಕೊಳ್ಳುತ್ತದೆ. ಟೆಷಿಮಾದ ಪಾಠವನ್ನು ಇಷ್ಟು ನೇರವಾಗಿ ಕಾನೂನಾಗಿಸಿದ್ದು ಆ ದೇಶದ ಸಾಧನೆ.

ಭಾರತದ 2025ರ ನಿಯಮಗಳು ತಯಾರಕರ ಹೊಣೆಯನ್ನು ಉಕ್ಕಿನಲ್ಲಿ ಅಳೆಯುತ್ತವೆ. ಖಾಸಗಿ ವಾಹನಗಳಲ್ಲಿ 20 ವರ್ಷ ಹಿಂದೆ, ಸಾರಿಗೆ ವಾಹನಗಳಲ್ಲಿ 15 ವರ್ಷ ಹಿಂದೆ ಮಾರುಕಟ್ಟೆಗೆ ಬಿಟ್ಟ ಉಕ್ಕಿನ ಕನಿಷ್ಠ ಶೇ. 8ರಷ್ಟಕ್ಕೆ 2029-30ರವರೆಗೆ ಪ್ರತಿವರ್ಷ ಅವರು ಪ್ರಮಾಣಪತ್ರ ಕೊಳ್ಳಬೇಕು. ಗುರಿ ಮುಂದಿನ ಐದು ವರ್ಷ ಶೇ. 13ಕ್ಕೂ 2035-36ರಿಂದ ಶೇ. 18ಕ್ಕೂ ಏರುತ್ತದೆ. ಪ್ರಮಾಣಪತ್ರ ಮಾರುವುದು ನೋಂದಾಯಿತ ಘಟಕಗಳಾದ್ದರಿಂದ ಅವುಗಳಿಗೆ ಆದಾಯ ಬಂದು, ಗುಜರಿ ಅಂಗಡಿಗಳೊಂದಿಗೆ ಬೆಲೆಯಲ್ಲಿ ಪೈಪೋಟಿ ಮಾಡಲು ಶಕ್ತಿ ಸಿಗುತ್ತದೆ ಎಂಬುದು ಸಮರ್ಥಕರ ತರ್ಕ. ಉಕ್ಕಿಗೆ ಮೊದಲೇ ಗಿರಾಕಿಗಳಿದ್ದಾರೆ. ಗುರಿ ಬೇಕಿದ್ದದ್ದು ಗ್ಯಾಸಿಗೆ, ಫೋಮಿಗೆ, ಪ್ಲಾಸ್ಟಿಕ್ಕಿಗೆ ಎಂಬ ಆಕ್ಷೇಪವನ್ನು ತಳ್ಳಿಹಾಕುವುದು ಕಷ್ಟ. ಆಯಿಲು, ಟೈರು, ಬ್ಯಾಟರಿಗಳಿಗೆ ಬೇರೆ ನಿಯಮಗಳಿರುವುದು ನಿಜ. ಆದರೆ ಅವೆಲ್ಲ ಒಂದೇ ಅಂಗಳದಲ್ಲಿ ಒಂದೇ ಕಾರಿನಿಂದ ಇಳಿಯುವ ವಸ್ತುಗಳು.

ತೂಕದ ಲೆಕ್ಕ, ಗುಣದ ಲೆಕ್ಕ

ಶೇ. 85, ಶೇ. 95 ಎಂಬ ಗುರಿಗಳು ತೂಕವನ್ನು ಎಣಿಸುತ್ತವೆ. ಲೋಹವಿಜ್ಞಾನಿಗಳು ಎತ್ತುವ ಪ್ರಶ್ನೆ ಗುಣದ್ದು. ಮೋಟರು ಮತ್ತು ವೈರಿಂಗಿನ ತಾಮ್ರ ಷ್ರೆಡರಿನಲ್ಲಿ ಉಕ್ಕಿನೊಂದಿಗೆ ಸಿಕ್ಕಿಕೊಳ್ಳುತ್ತದೆ. ಒಮ್ಮೆ ಕರಗಿ ಬೆರೆತ ತಾಮ್ರವನ್ನು ರೂಢಿಯ ವಿಧಾನಗಳಲ್ಲಿ ಉಕ್ಕಿನಿಂದ ಮತ್ತೆ ತೆಗೆಯಲಾಗದು. ಕಾಯಿಸಿ ತಟ್ಟುವಾಗ ಅಂಥ ಉಕ್ಕಿನ ಮೇಲ್ಮೈ ಬಿರಿಯುತ್ತದೆ. ಕಾರಿನ ತೆಳು ತಗಡು ಸುಮಾರು ಶೇ. 0.06ರಷ್ಟು ತಾಮ್ರವನ್ನು ಮಾತ್ರ ಸಹಿಸಿದರೆ ಕಟ್ಟಡದ ಸರಳು ಶೇ. 0.4ರವರೆಗೂ ಸಹಿಸುತ್ತದೆ. ಆದ್ದರಿಂದ ಹಳೆಯ ಕಾರು ಹೊಸ ಕಾರಾಗುವುದು ಅಪರೂಪ. ಬಹುಮಟ್ಟಿಗೆ ಅದು ಸರಳಾಗುತ್ತದೆ. ಸದ್ಯಕ್ಕೆ ಮನೆ, ಸೇತುವೆ ಕಟ್ಟುವ ಜಗತ್ತು ಈ ಉಕ್ಕನ್ನೆಲ್ಲ ಹೀರಿಕೊಳ್ಳುತ್ತಿದೆ. ಆದರೆ ಸುಮಾರು 2050ರ ನಂತರ ತಾಮ್ರ ಬೆರೆತ ಗುಜರಿ ಬೇಡಿಕೆಯನ್ನು ಮೀರಬಹುದು ಎಂದು 2017ರಲ್ಲಿ ಪ್ರಕಟವಾದ ಕೇಂಬ್ರಿಜ್ ಸಂಶೋಧಕರ ಅಧ್ಯಯನ ಎಚ್ಚರಿಸಿದೆ.

ಅಲ್ಯೂಮಿನಿಯಂ ಕಥೆಯೂ ಇಂಥದ್ದೇ. ಬೇರೆ ಬೇರೆ ಮಿಶ್ರಲೋಹಗಳು ಒಟ್ಟಾಗಿ ಕರಗಿದರೆ ಎಂಜಿನ್ ಬ್ಲಾಕಿನಂಥ ಎರಕದ ಭಾಗಗಳಿಗೆ ಮಾತ್ರ ಆಗುತ್ತವೆ. ವಿದ್ಯುತ್ ಕಾರಿಗೆ ಎಂಜಿನ್ ಬ್ಲಾಕೇ ಬೇಡ. ಬೇಡಿಕೆ ಇಳಿದಾಗ ಆ ಬೆರಕೆ ಅಲ್ಯೂಮಿನಿಯಂ ಎಲ್ಲಿಗೆ ಹೋಗಬೇಕೆಂಬುದು ತೆರೆದ ಪ್ರಶ್ನೆ. ಪ್ಲಾಸ್ಟಿಕ್ಕಿಗಾಗಿ ಐರೋಪ್ಯ ಆಯೋಗ 2023ರಲ್ಲಿ ಹೊಸ ಪ್ರಸ್ತಾವ ಮುಂದಿಟ್ಟಿತು: ಹೊಸ ಕಾರಿನ ಪ್ಲಾಸ್ಟಿಕ್ಕಿನಲ್ಲಿ ಶೇ. 25ರಷ್ಟು ಮರುಬಳಕೆಯದ್ದಾಗಿರಬೇಕು, ಅದರಲ್ಲೂ ಕಾಲು ಪಾಲು ಹಳೆಯ ವಾಹನಗಳಿಂದಲೇ ಬರಬೇಕು. ಬೆಲೆಯಿಲ್ಲದ ವಸ್ತುವಿಗೆ ಕಾನೂನಿನ ಮೂಲಕ ಗಿರಾಕಿಯನ್ನು ಸೃಷ್ಟಿಸುವ ಯತ್ನ ಇದು.

ವಿದ್ಯುತ್ ಕಾರುಗಳ ಬ್ಯಾಟರಿಗಳು ಇದೇ ಸಮಸ್ಯೆಯನ್ನು ಹೊಸ ರೂಪದಲ್ಲಿ ತರುತ್ತವೆ. ನಿಕಲ್, ಕೋಬಾಲ್ಟ್ ಇರುವ ಬ್ಯಾಟರಿಯನ್ನು ಮರುಬಳಕೆದಾರರು ಹಣ ಕೊಟ್ಟು ಕೊಳ್ಳುತ್ತಾರೆ. ಕಬ್ಬಿಣ ಮತ್ತು ಫಾಸ್ಫೇಟ್ ಆಧರಿಸಿದ ಅಗ್ಗದ ಬ್ಯಾಟರಿಯಲ್ಲಿ ಅಷ್ಟು ಬೆಲೆಯ ಲೋಹವಿಲ್ಲ. ನೂರಾರು ವೋಲ್ಟಿನ ಈ ಬ್ಯಾಟರಿಗಳನ್ನು ತರಬೇತಿಯಿಲ್ಲದವರು ಬಿಚ್ಚಿದರೆ ಆಘಾತ ಮತ್ತು ಬೆಂಕಿಯ ಅಪಾಯವಿದೆ. ಭಾರತದ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ದೊಡ್ಡ ಸಂಖ್ಯೆಯಲ್ಲಿ ಕಾರಿನ ಬ್ಯಾಟರಿಗಳು ಅಂಗಳಕ್ಕೆ ಬಂದಾಗಲೇ ಈ ನಿಯಮಗಳ ನಿಜವಾದ ಪರೀಕ್ಷೆ.

ಇತ್ಯರ್ಥವಾಗದ ಪ್ರಶ್ನೆಗಳು

ಕಾರಿನ ಲೋಹ ವ್ಯರ್ಥವಾಗಬಾರದು, ವಿಷ ಮಣ್ಣಿಗಿಳಿಯಬಾರದು ಎಂಬುದನ್ನು ಎಲ್ಲ ಪಕ್ಷಗಳೂ ಒಪ್ಪುತ್ತವೆ. ಒಪ್ಪಿಗೆ ಇಲ್ಲದಿರುವುದು ನಾಲ್ಕು ವಿಷಯಗಳಲ್ಲಿ.

ಕಾರಿನ ಅಂತ್ಯವನ್ನು ವಯಸ್ಸು, ಸ್ಥಿತಿ, ಹೊಗೆಯ ಮಾನದಂಡ ಇವುಗಳಲ್ಲಿ ಯಾವುದು ನಿರ್ಧರಿಸಬೇಕೆಂಬುದು ಮೊದಲನೆಯದು. ಒಂದೇ ದೇಶದಲ್ಲಿ ದೆಹಲಿಗೊಂದು, ಉಳಿದೆಡೆಗೊಂದು ಉತ್ತರವಿದೆ. ಎರಡನೆಯದು ಲೆಕ್ಕದ ಕೊರತೆ. ನೋಂದಣಿ ಪಟ್ಟಿಯಲ್ಲಿ ಜೀವಂತವಾಗಿರುವ ಎಷ್ಟು ವಾಹನಗಳು ನಿಜಕ್ಕೂ ಬಿಡಿಭಾಗಗಳಾಗಿ ಕರಗಿಹೋಗಿವೆ ಎಂಬುದು ಖಚಿತವಾಗದೆ, ಎಷ್ಟು ಘಟಕಗಳು ಎಲ್ಲೆಲ್ಲಿ ಬೇಕೆಂದು ಹೇಳಲಾಗದು. ಯುರೋಪಿನ ಕಾಣೆಯಾದ ಕಾರುಗಳು ಇದು ಬಡ ದೇಶಗಳ ಕೊರತೆ ಮಾತ್ರವಲ್ಲ ಎಂದು ತೋರಿಸುತ್ತವೆ. ಮೂರನೆಯದು ಗುಜರಿ ಬೀದಿಗಳ ಜನರ ಭವಿಷ್ಯ. ನೀತಿಯ ದಾಖಲೆಗಳು ಹೂಡಿಕೆಯ ಬಗ್ಗೆ ಹೇಳುವಷ್ಟು ವಿವರವಾಗಿ ಅವರ ತರಬೇತಿ, ಸಾಲ, ಜಾಗದ ಬಗ್ಗೆ ಹೇಳುವುದಿಲ್ಲ.

ನಾಲ್ಕನೆಯದು ಎಲ್ಲಕ್ಕೂ ತಳಪಾಯವಾದದ್ದು: ಮರುಬಳಕೆಯ ಯಶಸ್ಸನ್ನು ಯಾವುದರಿಂದ ಅಳೆಯಬೇಕು? ಕುಲುಮೆ ಸೇರಿದ ಉಕ್ಕಿನ ಟನ್ನುಗಳು ಎಣಿಸಲು ಸುಲಭ. ಹಿಡಿದಿಟ್ಟ ಗ್ಯಾಸು, ಸುರಕ್ಷಿತವಾಗಿ ಸಂಸ್ಕರಿಸಿದ ಶೇಷ, ಮತ್ತೆ ಬಳಕೆಗೆ ಬಂದ ಬಿಡಿಭಾಗ, ಗಾಯವಿಲ್ಲದೆ ಮನೆಗೆ ಮರಳಿದ ಕೆಲಸಗಾರ ಇವನ್ನು ಎಣಿಸುವ ವ್ಯವಸ್ಥೆ ಭಾರತದಲ್ಲಿ ಇನ್ನೂ ರೂಪುಗೊಂಡಿಲ್ಲ. ಅದನ್ನು ಯಾರು ರೂಪಿಸಬೇಕು, ಅದರ ವೆಚ್ಚವನ್ನು ಕೊಳ್ಳುವವರು, ತಯಾರಿಸುವವರು ಮತ್ತು ಸರ್ಕಾರ ಯಾವ ಪ್ರಮಾಣದಲ್ಲಿ ಹಂಚಿಕೊಳ್ಳಬೇಕು ಎಂಬುದು ಮುಂದಿನ ಚರ್ಚೆ ತೀರ್ಮಾನಿಸಬೇಕಾದ ವಿಷಯ.